ಪದ ಪರಿಚಯ: ಮೆಟಾಪ್ಲಾಟ್

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕಥೆ ಕಟ್ಟುವ ಆಟಗಳಿಗೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಇವುಗಳ ಪ್ರಕಾಶಕರು ಒಂದು ಕಾಲ್ಪನಿಕ ಜಗತ್ತನ್ನು ಪ್ರಕಟಿಸಿ ಸುಮ್ಮನಾಗದೆ, ಆ ಜಗತ್ತಿನಲ್ಲಿ ಮುಂದೇನಾಯಿತು ಎಂಬುದನ್ನೂ ಪುಸ್ತಕದಿಂದ ಪುಸ್ತಕಕ್ಕೆ ಹೇಳುತ್ತ ಹೋಗುವುದುಂಟು. ಹೀಗೆ ಬೆಳೆಯುತ್ತ ಹೋಗುವ ಅಧಿಕೃತ ಕಥೆಗೆ ‘ಮೆಟಾಪ್ಲಾಟ್’ ಎಂದು ಹೆಸರು. ‘ಮೇಲ್ಕಥೆ’ ಎಂದು ಕನ್ನಡಿಸಬಹುದಾದರೂ, ಮುಂದೆ ಮೂಲ ಪದವನ್ನೇ ಬಳಸಿದ್ದೇನೆ.

ಈ ಪದವನ್ನು ಅದರ ನೆರೆಹೊರೆಯ ಪದಗಳಿಂದ ಬೇರ್ಪಡಿಸಿ ನೋಡಬೇಕು. ‘ಸೆಟ್ಟಿಂಗ್’ ಎಂದರೆ ನಕ್ಷೆ, ನಗರ, ದೇವತೆ, ರಾಜಮನೆತನಗಳೆಲ್ಲ ಸೇರಿದ ಜಗತ್ತು. ‘ಅಡ್ವೆಂಚರ್’ ಎಂದರೆ ಆ ಜಗತ್ತಿನಲ್ಲಿ ಕೆಲವು ಕಂತುಗಳಲ್ಲಿ ಆಡಿ ಮುಗಿಸಬಹುದಾದ ಸಿದ್ಧ ಕಥೆ. ‘ಕ್ಯಾನನ್’ ಎಂದರೆ ಇವುಗಳಲ್ಲಿ ಪ್ರಕಾಶಕರು ಅಧಿಕೃತವೆಂದು ಒಪ್ಪಿಕೊಂಡದ್ದೆಲ್ಲ. ಸೆಟ್ಟಿಂಗ್ ನಮಗೆ ಸ್ಥಳವನ್ನು ಕೊಟ್ಟರೆ, ಮೆಟಾಪ್ಲಾಟ್ ಆ ಸ್ಥಳದ ಗಡಿಯಾರವನ್ನು ತಿರುಗಿಸುತ್ತದೆ. ಇದರ ಸುತ್ತ ಹುಟ್ಟುವ ಬಹುಪಾಲು ಜಗಳಗಳ ಮೂಲ ಆ ಗಡಿಯಾರದಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಮೆಟಾಪ್ಲಾಟ್‌ನ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ತೋರಿಸುವ ಉದಾಹರಣೆ ‘ಶ್ಯಾಡೋರನ್’. 1989ರಲ್ಲಿ ಬಂದ ಈ ಆಟದ ಜಗತ್ತು 2050ರಿಂದ ಆರಂಭವಾಗಿ, ಹೊಸ ಪುಸ್ತಕಗಳು ಬಂದಂತೆಲ್ಲ ಮುಂದಕ್ಕೆ ಸಾಗಿತು. ಆ ಕಥೆಯಲ್ಲಿ ಡಂಕೆಲ್‌ಝಾನ್ ಎಂಬ ಮಹಾಡ್ರಾಗನ್ ಚುನಾವಣೆಗೆ ನಿಂತು ಗೆದ್ದು, 2057ರಲ್ಲಿ ಅಧ್ಯಕ್ಷಪದವಿಯನ್ನು ಸ್ವೀಕರಿಸಿದ ರಾತ್ರಿಯೇ ಕೊಲೆಯಾಗುತ್ತಾನೆ. ಅವನ ಉಯಿಲನ್ನು ಒಳಗೊಂಡ ಪುಸ್ತಕವನ್ನೇ ಪ್ರಕಾಶಕರು ಹೊರತಂದರು. ಯಾರಿಗೆ ಯಾವ ವಸ್ತು, ಯಾವ ಷರತ್ತಿನ ಮೇಲೆ ಎಂದು ಹೇಳುವ ಅದರ ಒಂದೊಂದು ಸಾಲೂ ಆಟವನ್ನು ನಡೆಸುವ ಗೇಮ್ ಮಾಸ್ಟರ್‌ಗೆ ಒಂದೊಂದು ಕಥೆಯ ಬೀಜ. ಅಧಿಕೃತ ಕಥೆ ಆಟಗಾರರಿಗೆ ಹೀಗೆ ಕೆಲಸ ಕೊಟ್ಟಾಗ ಅದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲ. ಆದರೆ ಅದೇ ಕೊಲೆಯನ್ನು ತಡೆಯಲು ಆಟಗಾರರು ಹೊರಟರೆ ಏನು ಮಾಡುವುದು? ಮುಂದಿನ ಪುಸ್ತಕಗಳೆಲ್ಲ ಡ್ರಾಗನ್ ಸತ್ತಿದೆ ಎಂಬುದರ ಮೇಲೆಯೇ ನಿಂತಿರುವುದರಿಂದ, ಅದನ್ನು ಬದುಕಿಸಿದ ಮೇಜಿಗೆ, ಅಂದರೆ ಆ ಆಟಗಾರರ ಗುಂಪಿಗೆ, ಆ ಪುಸ್ತಕಗಳು ಅರ್ಧಕ್ಕರ್ಧ ನಿರುಪಯುಕ್ತವಾಗುತ್ತವೆ.

ಕೆಲವೊಮ್ಮೆ ಮೆಟಾಪ್ಲಾಟ್ ಹುಟ್ಟುವುದು ಕಥೆಯ ಅಗತ್ಯಕ್ಕಲ್ಲ, ನಿಯಮಗಳ ಅಗತ್ಯಕ್ಕೆ. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ ಫರ್ಗಾಟನ್ ರೆಲ್ಮ್ಸ್ ಜಗತ್ತು ಇದಕ್ಕೆ ಒಳ್ಳೆಯ ಸಾಕ್ಷಿ. 1989ರಲ್ಲಿ ಆಟದ ಎರಡನೆಯ ಆವೃತ್ತಿ ಬಂದಾಗ ಅಸಾಸಿನ್ (ಬಾಡಿಗೆ ಕೊಲೆಗಾರ) ಎಂಬ ಪಾತ್ರವರ್ಗವನ್ನು ನಿಯಮಪುಸ್ತಕದಿಂದ ಕೈಬಿಡಲಾಗಿತ್ತು. ದೇವತೆಗಳೆಲ್ಲ ಭೂಮಿಗೆ ತಳ್ಳಲ್ಪಟ್ಟ ‘ಟೈಮ್ ಆಫ್ ಟ್ರಬಲ್ಸ್’ ಎಂಬ ಮಹಾಘಟನೆಯಲ್ಲಿ ಆ ಜಗತ್ತಿನ ಅಸಾಸಿನ್‌ಗಳೆಲ್ಲ ಒಮ್ಮೆಗೇ ಸತ್ತರು ಎಂದು ಕಥೆ ಅದಕ್ಕೆ ಕಾರಣ ಒದಗಿಸಿತು. 2008ರಲ್ಲಿ ನಾಲ್ಕನೆಯ ಆವೃತ್ತಿ ಬಂದಾಗ ‘ಸ್ಪೆಲ್‌ಪ್ಲೇಗ್’ ಎಂಬ ಮಾಂತ್ರಿಕ ಪ್ರಳಯ ಬಡಿದು, ಕಾಲ ಸುಮಾರು ನೂರು ವರ್ಷ ಮುಂದಕ್ಕೆ ಹಾರಿತು. ನಿಯಮದ ಬದಲಾವಣೆಗೆ ಕಥೆಯಲ್ಲಿ ಕಾರಣ ಹುಡುಕುವುದು ಜಾಣತನವೇ ಸರಿ, ಆದರೆ ವರ್ಷಗಟ್ಟಲೆ ಒಂದು ನಗರದಲ್ಲಿ ಆಡಿ, ಅಲ್ಲಿಯ ಹೋಟೆಲಿನವನಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರನ್ನೂ ಬಲ್ಲವರಿಗೆ ಅವರೆಲ್ಲ ಸತ್ತು ಮೂರು ತಲೆಮಾರಾಯಿತು ಎಂದು ಹೇಳುವುದು ಸಣ್ಣ ಮಾತಲ್ಲ.

ಪ್ರಕಾಶಕರ ಗಡಿಯಾರ ಒಂದು, ಮೇಜಿನ ಗಡಿಯಾರ ಇನ್ನೊಂದು. ಎರಡೂ ಒಂದೇ ವೇಗದಲ್ಲಿ ನಡೆಯುವುದು ಅಪರೂಪ. ಮೇಜಿನ ಮೇಲೆ ಇನ್ನೂ ಅದೇ ಚಳಿಗಾಲ ಮುಗಿದಿರುವುದಿಲ್ಲ, ಪುಸ್ತಕದಲ್ಲಿ ರಾಜ್ಯವೇ ಕುಸಿದಿರುತ್ತದೆ. ಇದಕ್ಕಿಂತ ಕೆಟ್ಟ ಅಭ್ಯಾಸವೊಂದಿದೆ: ಜಗತ್ತಿನ ಮುಖ್ಯ ರಹಸ್ಯವನ್ನು ಗೇಮ್ ಮಾಸ್ಟರ್‌ಗೂ ಹೇಳದೆ ಮುಂದಿನ ಪುಸ್ತಕಕ್ಕೆ ಕಾಯ್ದಿಡುವುದು. ಕಾದಂಬರಿಯ ಓದುಗನಿಗೆ ಇದು ಕುತೂಹಲ. ಆದರೆ ನಾಳೆ ಸಂಜೆ ಆಟ ನಡೆಸಬೇಕಾದ ಸೂತ್ರಧಾರನಿಂದಲೇ ಸೂತ್ರವನ್ನು ಬಚ್ಚಿಟ್ಟರೆ ಅವನು ಏನನ್ನು ಆಡಿಸಬೇಕು? ಇಂಥ ಪುಸ್ತಕಗಳನ್ನು ಆಡದೆ ಬರಿಯ ಓದಿಗಾಗಿ ಕೊಳ್ಳುವವರೂ ಇದ್ದಾರೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು. ನಾನೂ ಅವರಲ್ಲೊಬ್ಬ.

ಈ ತೊಡಕಿಗೆ ಬೇರೆ ಬೇರೆ ಆಟಗಳು ಬೇರೆ ಬೇರೆ ದಾರಿ ಹಿಡಿದಿವೆ. 2004ರಲ್ಲಿ ಬಂದ, ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ್ದೇ ಇನ್ನೊಂದು ಜಗತ್ತಾದ ಎಬೆರಾನ್ ಗಡಿಯಾರವನ್ನೇ ನಿಲ್ಲಿಸಿತು. ಆ ಜಗತ್ತಿನ ಪುಸ್ತಕಗಳು ಆವೃತ್ತಿ ಬದಲಾದರೂ 998ನೆಯ ವರ್ಷದಿಂದಲೇ ಆರಂಭವಾಗುತ್ತವೆ, ಮುಂದಿನದು ಆಡುವವರಿಗೆ ಬಿಟ್ಟದ್ದು. 1990ರ ‘ಟಾರ್ಗ್’ ತದ್ವಿರುದ್ಧವಾಗಿ, ಆಟಗಾರರು ತಮ್ಮ ಮೇಜಿನಲ್ಲಿ ನಡೆದದ್ದನ್ನು ವರದಿ ಮಾಡಿದರೆ ಅದರಿಂದ ಅಧಿಕೃತ ಕಥೆಯನ್ನು ರೂಪಿಸುವ ಪ್ರಯೋಗಕ್ಕೆ ಕೈಹಾಕಿತು. 1991ರಲ್ಲಿ ಶುರುವಾದ ‘ವ್ಯಾಂಪೈರ್: ದ ಮಾಸ್ಕರೇಡ್’ 2004ರಲ್ಲಿ ತನ್ನ ಜಗತ್ತಿಗೆ ಅಂತ್ಯ ಹಾಡಿದಾಗ ಒಂದಲ್ಲ, ಹಲವು ಅಂತ್ಯಗಳನ್ನು ಕೊಟ್ಟು ಬೇಕಾದ್ದನ್ನು ಆರಿಸಿಕೊಳ್ಳಲು ಬಿಟ್ಟಿತು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಗ್ರೆಗ್ ಸ್ಟಾಫರ್ಡ್ ಸೃಷ್ಟಿಸಿದ ಗ್ಲೊರಾಂಥಾ ಎಂಬ ಆಟದ ಜಗತ್ತಿನ ಬಳಗದ ನಿಲುವು. ‘ನಿಮ್ಮ ಗ್ಲೊರಾಂಥಾ ಬೇರೆಯಾಗಿಯೇ ಇರುತ್ತದೆ’ ಎಂಬುದು ಅಲ್ಲಿನ ನುಡಿಗಟ್ಟು. ಹೊಸ ಅಧಿಕೃತ ಬರಹವೊಂದು ನಿಮ್ಮ ಮೇಜಿನ ಕಥೆಯನ್ನು ಸುಳ್ಳಾಗಿಸಿದರೆ ಅದಕ್ಕೂ ಅಲ್ಲೊಂದು ಪದವಿದೆ: ನೀವು ‘ಗ್ರೆಗ್ಡ್’ ಆದಿರಿ! ಸೃಷ್ಟಿಕರ್ತನ ಹೆಸರನ್ನೇ ಕ್ರಿಯಾಪದ ಮಾಡಿಕೊಂಡು ನಕ್ಕ ಆ ಬಳಗಕ್ಕೆ ತೊಡಕಿನ ಸ್ವರೂಪ ಚೆನ್ನಾಗಿಯೇ ತಿಳಿದಿತ್ತು.

ಬಳಕೆಯ ಮಟ್ಟಿಗೆ ಹೇಳುವುದಾದರೆ, ಆಟ ಆರಂಭವಾಗುವ ದಿನವನ್ನು ಜಗತ್ತಿನ ಪಂಚಾಂಗದಲ್ಲಿ ಗುರುತಿಸಿ, ಅದಕ್ಕೆ ಹಿಂದಿನದೆಲ್ಲ ಅಧಿಕೃತ, ಮುಂದಿನದೆಲ್ಲ ನಮ್ಮದು ಎಂದು ಮೊದಲ ಕಂತಿಗೆ ಮುನ್ನವೇ ಎಲ್ಲರೂ ಒಪ್ಪಿಕೊಳ್ಳುವುದು ಒಳ್ಳೆಯದು. ಗೇಮ್ ಮಾಸ್ಟರ್‌ಗಿಂತ ಹೆಚ್ಚು ಪುಸ್ತಕ ಓದಿದ ಆಟಗಾರ ಮೇಜಿನಲ್ಲಿದ್ದರೆ ಈ ಮಾತು ಇನ್ನೂ ಅಗತ್ಯ. ಇಲ್ಲವಾದರೆ ‘ಹಾಗಾಗಲಿಲ್ಲವಲ್ಲ’ ಎಂಬ ಆಕ್ಷೇಪ ಕಂತಿಗೊಮ್ಮೆ ಬರುತ್ತದೆ. ಆ ಗೆರೆಯ ಆಚೆ ಪ್ರಕಾಶಕರು ಬರೆದದ್ದನ್ನು ಎಸೆಯಬೇಕಿಲ್ಲ. ಆಟಗಾರರು ಕೈಹಾಕದ ದೂರದ ದೇಶದಲ್ಲಿ ಯುದ್ಧ ಪುಸ್ತಕದಂತೆಯೇ ನಡೆಯಲಿ, ಅದರ ಸುದ್ದಿ ಸಂತೆಯಲ್ಲಿ ಗಾಳಿಮಾತಾಗಿ ಬರಲಿ. ಅವರು ಕೈಹಾಕಿದ ಕಡೆ ಮಾತ್ರ ಪುಸ್ತಕ ಮುಚ್ಚಿರಲಿ.