ಮಳೆ ಬಂದದ್ದಕ್ಕೇ ಹೂ ಬಿಟ್ಟಿತೇ? ಎಂಎಸ್ಸಿ ಜೊತೆ ತತ್ತ್ವಶಾಸ್ತ್ರ ಓದಬಯಸುವವರಿಗೆ

ಪ್ರಶ್ನೆ: ನಮ್ಮ ಊರು ಶನಿವಾರಸಂತೆ ಹತ್ತಿರ. ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ, ಸಸ್ಯಶಾಸ್ತ್ರ ನನ್ನ ವಿಷಯ. ಮುಂದೆ ಎಂಎಸ್ಸಿ ಮಾಡಬೇಕೆಂದಿದೆ. ಆದರೆ ಗಿಡಗಳ ಬಗ್ಗೆ ಓದಿದಷ್ಟೂ, 'ಇದು ನಮಗೆ ಗೊತ್ತು' ಅಂತ ಯಾವ ಧೈರ್ಯದ ಮೇಲೆ ಹೇಳುತ್ತೇವೆ ಅನ್ನುವುದೇ ತಲೆ ಕೊರೆಯುತ್ತದೆ. ಇಂಥದ್ದನ್ನು ಓದುವುದಕ್ಕೆ ವಿಜ್ಞಾನದ ತತ್ತ್ವಶಾಸ್ತ್ರ ಅನ್ನುತ್ತಾರಂತೆ. ಹಾಗಾದರೆ ಸಸ್ಯಶಾಸ್ತ್ರ ಬಿಟ್ಟು ಫಿಲಾಸಫಿ ಎಂ.ಎ.ಗೆ ಸೇರಬೇಕೇ? ಸೇರಿದರೆ ಇಷ್ಟು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುವುದಿಲ್ಲವೇ?

ಉತ್ತರ: ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದು ಆಮೇಲೆ ನೋಡೋಣ. ಇದೇ ಪ್ರಶ್ನೆ ಅರ್ಥಶಾಸ್ತ್ರ ಓದುವವರಿಂದ ಬರುತ್ತದೆ, ಇತಿಹಾಸದವರಿಂದ ಬರುತ್ತದೆ, ಒಮ್ಮೆ ಕಂಪ್ಯೂಟರ್ ಸೈನ್ಸ್ ಹುಡುಗನೊಬ್ಬನಿಂದಲೂ ಬಂದಿತ್ತು. ಎಲ್ಲರಿಗೂ ಒಂದೇ ಭಯ: ತತ್ತ್ವಶಾಸ್ತ್ರ ಅಂದರೆ ಇರುವ ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋಗುವುದು ಅಂತ. ನನಗೆ ಹಾಗನ್ನಿಸುವುದಿಲ್ಲ. ನನಗೆ ಅದು ಸಿಕ್ಕಿದ್ದು ನಮ್ಮ ಮನೆಯ ಕಪಾಟಿನಲ್ಲೇ.

ನಮ್ಮಲ್ಲಿ ಅಜ್ಜ ಬರೆದಿಟ್ಟ ಮಳೆ ಪುಸ್ತಕವಿದೆ. ಉದ್ದನೆಯ ಲೆಕ್ಕದ ಪುಸ್ತಕ, ಬೆನ್ನಿಗೆ ಬಟ್ಟೆ ಅಂಟಿಸಿದ್ದು. ದಿನಾ ಬೆಳಿಗ್ಗೆ ಕಣದ ಮೂಲೆಯ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಂಚು-ಸೆಂಟಿನಲ್ಲಿ ಬರೆಯುತ್ತಿದ್ದರು. ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು, ಸುಮಾರು ಕಾಲು ಮಿಲಿಮೀಟರ್. ಹವಾಮಾನ ಇಲಾಖೆ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ತೋಟದವರ ಬಾಯಲ್ಲಿ ಇವತ್ತಿಗೂ 'ಒಂದಿಂಚು ಇಪ್ಪತ್ತು ಸೆಂಟ್ ಬಿತ್ತು' ಅನ್ನುವ ಮಾತೇ. ಮಾರ್ಚ್ ತಿಂಗಳ ಒಂದು ಪುಟದಲ್ಲಿ '1-20' ಅಂತಿದೆ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಹೂಮಳೆ', ಅಂದರೆ ಕಾಫಿಗೆ ಹೂ ಬಿಡಿಸುವ ಮಳೆ. ಒಂಬತ್ತು ಸಾಲು ಕೆಳಗೆ, ಅದೇ ಕೆಂಪು ಶಾಯಿಯಲ್ಲಿ 'ಹೂ'. ಅಷ್ಟೇ.

ಮಳೆ ಬಂತು, ಹೂ ಬಿಟ್ಟಿತು. ಮಳೆಯೇ ಕಾರಣ ಅಂತ ಇಡೀ ಕೊಡಗು ಹೇಳುತ್ತದೆ. ಹಾಗಿದ್ದರೆ ಜುಲೈನಲ್ಲಿ ತೋಟ ಬೆಳ್ಳಗಾಗಬೇಕಿತ್ತಲ್ಲ? ಆಗ ಬೀಳುವ ಮಳೆಯ ಮುಂದೆ ಮಾರ್ಚಿನ ಒಂದಿಂಚು ಯಾವ ಲೆಕ್ಕ? ಆದರೆ ಆಗ ಒಂದು ಹೂವೂ ಇಲ್ಲ. ಕಾಫಿಯ ಮೊಗ್ಗು ಒಂದು ಹಂತದವರೆಗೆ ಬೆಳೆದು ನಿಂತುಬಿಡುತ್ತದೆ. ಮಳೆಗಾಲ ಮುಗಿದ ಮೇಲಿನ ಒಣಹವೆಯಲ್ಲಿ ಅದು ನೀರಿನ ಕೊರತೆ ಅನುಭವಿಸಬೇಕು, ಆಮೇಲೆ ನೀರು ಬೀಳಬೇಕು. ಅಂದರೆ ಮಳೆಯೊಂದೇ ಸಾಲದು. ಇನ್ನು ಪಕ್ಕದ ತೋಟದವರು ಫೆಬ್ರವರಿ ಕೊನೆಗೇ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ, ಆಕಾಶದಿಂದ ಒಂದು ಹನಿ ಬೀಳದಿದ್ದರೂ. ಅಂದರೆ ಮಳೆಯೇ ಬೇಕೆಂದೂ ಇಲ್ಲ. ಸಾಲದ, ಬೇಕೇಬೇಕೆಂದೂ ಇಲ್ಲದ ಒಂದನ್ನು 'ಕಾರಣ' ಅಂತ ನಾವೆಲ್ಲ ಕರೆಯುತ್ತಿದ್ದೇವೆ, ಮತ್ತು ಹಾಗೆ ಕರೆಯುವುದು ತಪ್ಪೂ ಅಲ್ಲ. ಇದು ಹೇಗೆ?

ಈಗ ನೀವು ಸಸ್ಯಶಾಸ್ತ್ರದ ಒಳಗೇ ನಿಂತು ತತ್ತ್ವಶಾಸ್ತ್ರದ ಪ್ರಶ್ನೆ ಕೇಳುತ್ತಿದ್ದೀರಿ. ಜೆ.ಎಲ್. ಮ್ಯಾಕಿ ಎಂಬ ತತ್ತ್ವಜ್ಞಾನಿ 1965ರಲ್ಲಿ ಕೊಟ್ಟ ಉತ್ತರವನ್ನು ತೋಟದ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಬಲಿತ ಮೊಗ್ಗು, ಒಣಹವೆ, ಮಳೆ ಮೂರೂ ಕೂಡಿದರೆ ಹೂ ಖಂಡಿತ. ಈ ಕೂಟದೊಳಗಿಂದ ಮಳೆಯನ್ನು ತೆಗೆದರೆ ಕೂಟ ಕೆಲಸ ಮಾಡುವುದಿಲ್ಲ. ಆದರೆ ಹೂ ಬಿಡಿಸುವುದಕ್ಕೆ ಈ ಕೂಟವೇ ಆಗಬೇಕೆಂದಿಲ್ಲ, ಸ್ಪ್ರಿಂಕ್ಲರ್ ಇರುವ ಇನ್ನೊಂದು ಕೂಟವೂ ಆಗುತ್ತದೆ. ನಾವು ದಿನಬಳಕೆಯಲ್ಲಿ ಕಾರಣ ಅನ್ನುವುದು ಇಂಥ ಕೂಟದ ಒಬ್ಬ ಸದಸ್ಯನನ್ನು.

ಇಷ್ಟಕ್ಕೆ ಇಂಗ್ಲಿಷ್ ಪುಸ್ತಕವೇ ಬೇಕೆಂದಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಅನ್ನುವ, ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದ ಉದಾಹರಣೆ ಕೇಳಿರುತ್ತೀರಿ. (ಮಳೆಗಾಲದಲ್ಲಿ ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಇದನ್ನು ಹೇಳಿದರೆ ಪಕ್ಕದವರು ನಕ್ಕಾರು; ಅಲ್ಲಿ ಬೆಟ್ಟದ ಮೇಲೆ ಕಾಣುವುದೆಲ್ಲ ಮಂಜು. ಆವಿಯನ್ನು ಹೊಗೆಯೆಂದು ತಿಳಿದು ಮೋಸಹೋಗುವ ಈ ತೊಂದರೆ ನ್ಯಾಯದರ್ಶನದ ಪಂಡಿತರಾದ ನೈಯಾಯಿಕರಿಗೂ ಗೊತ್ತಿತ್ತು.) ಅದನ್ನೇ ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಅನ್ನಲಾದೀತೇ? ಆಗದು, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಇರಬೇಕು. ಹೀಗೆ ಮರೆಯಲ್ಲಿ ಕೂತು ಕೆಲಸ ಮಾಡುವ ಷರತ್ತಿಗೆ ಅವರು 'ಉಪಾಧಿ' ಅಂದರು. ಹೂಮಳೆಯ ಉಪಾಧಿ ಅದರ ಹಿಂದಿನ ಒಣಹವೆ.

ಇದು ಬರೀ ಮಾತಿನ ಚಮತ್ಕಾರ ಅನ್ನಿಸಿದರೆ 2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಗುಡ್ಡ ಕುಸಿದ ಮೇಲೆ ತಿಂಗಳುಗಟ್ಟಲೆ ಇಲ್ಲಿ ನಡೆದ ಜಗಳ ಯಾವುದು? ಒಬ್ಬರು ಮಳೆಯಿಂದ ಅಂದರು, ಇನ್ನೊಬ್ಬರು ರಸ್ತೆಗೆ, ಮನೆಗೆ, ರೆಸಾರ್ಟಿಗೆ ಗುಡ್ಡ ಕೊರೆದದ್ದರಿಂದ ಅಂದರು. ಇಬ್ಬರೂ ಒಂದೇ ಕೂಟದ ಬೇರೆ ಬೇರೆ ಸದಸ್ಯರ ಕಡೆ ಬೆರಳು ತೋರಿಸುತ್ತಿದ್ದರು. ಯಾರನ್ನು ಕಾರಣ ಅನ್ನುತ್ತೇವೋ ಅದರ ಮೇಲೆ ಯಾರು ಹೊಣೆ, ಯಾರು ಮನೆ ಕಟ್ಟಬಾರದು ಅನ್ನುವುದೆಲ್ಲ ನಿಂತಿರುತ್ತದೆ. ಮಳೆಯ ಅಂಕಿ ಇನ್ನಷ್ಟು ಸಿಕ್ಕಿದ್ದರೂ ಆ ಜಗಳ ತೀರುತ್ತಿರಲಿಲ್ಲ.

ಇಲ್ಲೇ ಒಂದು ಗೊಂದಲ ಬಿಡಿಸಬೇಕು. ಎಂಎಸ್ಸಿಯಲ್ಲಿ 'ರಿಸರ್ಚ್ ಮೆಥಡಾಲಜಿ' ಅಂತ ಒಂದು ಪೇಪರ್ ಇರುತ್ತದೆ, ಇದೂ ಅದೂ ಒಂದೇ ಅಂದುಕೊಳ್ಳುವವರಿದ್ದಾರೆ. ಮೆಥಡಾಲಜಿ ಲೆಕ್ಕ ಮಾಡುವುದನ್ನು ಕಲಿಸುತ್ತದೆ. ಆ ಲೆಕ್ಕವನ್ನು ಯಾಕೆ ನಂಬಬೇಕು ಅನ್ನುವುದು ತತ್ತ್ವಶಾಸ್ತ್ರದ ಪಾಲು. ಪ್ರಯೋಗದ ಫಲಿತಾಂಶ ಬರೀ ಆಕಸ್ಮಿಕವೋ ಅಲ್ಲವೋ ಅಂತ ತೀರ್ಮಾನಿಸಲು ಸಂಖ್ಯಾಶಾಸ್ತ್ರದಲ್ಲಿ 0.05 ಅನ್ನುವ ಗಡಿ ಬಳಸುತ್ತಾರೆ. ನಾನು ಓದುತ್ತಿದ್ದಾಗ ಒಂದು ತರಗತಿಯಲ್ಲಿ, 'ಸರ್, ಈ 0.05 ಅನ್ನೋದು ಎಲ್ಲಿಂದ ಬಂತು?' ಅಂತ ಕೇಳಿದ್ದೆ. 'ಪರೀಕ್ಷೆಗೆ ಬರಲ್ಲ, ಕೂತ್ಕೊಳ್ಳಿ' ಅಂದರು. ಅದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಅನುಕೂಲಕ್ಕೆಂದು ಹಿಡಿದ ಗಡಿ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಪಿಎಚ್‌ಡಿ ಅನ್ನುವ ಹೆಸರಿನಲ್ಲೇ ಫಿಲಾಸಫಿ ಇದೆ ಅಂತ ಸಮಾಧಾನಪಟ್ಟುಕೊಳ್ಳಬೇಡಿ. ಯುಜಿಸಿ ಪಿಎಚ್‌ಡಿಯವರಿಗೆ ಕಡ್ಡಾಯ ಮಾಡಿದ ಸಂಶೋಧನಾ ನೈತಿಕತೆಯ ಕೋರ್ಸ್ ಒಟ್ಟು 30 ಗಂಟೆಯದು, ಅದರಲ್ಲಿ ತತ್ತ್ವಶಾಸ್ತ್ರಕ್ಕೆ ಸಿಗುವುದು 3 ಗಂಟೆ, ಅದೂ ನೀತಿಶಾಸ್ತ್ರದ ಜೊತೆ ಹಂಚಿಕೊಂಡು.

ಹಾಗಾದರೆ ಎರಡು ವರ್ಷದ ಸ್ನಾತಕೋತ್ತರ ಓದಿನಲ್ಲಿ ಎಂಥ ಪ್ರಶ್ನೆ ಹಿಡಿಯಬಹುದು? ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುವವರಿಗೆ ನಾನು ಹೇಳುವುದು ಇದನ್ನು: ಕಾಫಿ ತೋಟ ಕಾಡೇ? ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಹೆಕ್ಟೇರ್ ಮತ್ತು ಅದಕ್ಕಿಂತ ಹೆಚ್ಚಿನ ಜಾಗದಲ್ಲಿ ಮರಗಳ ನೆತ್ತಿ ಶೇ 10ರಷ್ಟಾದರೂ ನೆಲವನ್ನು ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಒಡೆಯ ಯಾರು, ಕೆಳಗೆ ಏನು ಬೆಳೆಯುತ್ತಾರೆ, ಕೇಳುವಂತಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಶೇ 10 ಅಂತಲೇ ಹೇಳುತ್ತದೆ, ಆದರೆ ಕೃಷಿಗೆ ಬಳಸುವ ಭೂಮಿಯನ್ನು ಹೊರಗಿಡುತ್ತದೆ. ಹಾಲುವಾಣ, ಅತ್ತಿ, ನಂದಿ, ಸಿಲ್ವರ್ ಓಕ್ ನೆರಳಿನ ನಮ್ಮ ತೋಟ ಒಂದು ವ್ಯಾಖ್ಯೆಯಲ್ಲಿ ಕಾಡು, ಇನ್ನೊಂದರಲ್ಲಿ ಹೊಲ. ಮರ ಅವೇ, ಉಪಗ್ರಹದ ಚಿತ್ರವೂ ಅದೇ. ಯಾವ ವ್ಯಾಖ್ಯೆ ಸರಿ ಅಂತ ಮರ ಎಣಿಸಿ ತಿಳಿಯಲು ಬರುವುದಿಲ್ಲ. ಯಾವ ಕೆಲಸಕ್ಕೆ ಯಾವ ವ್ಯಾಖ್ಯೆ, ಅದರಿಂದ ಏನು ಕಾಣಿಸುತ್ತದೆ, ಏನು ಮರೆಯಾಗುತ್ತದೆ ಅಂತ ವಾದ ಕಟ್ಟಬೇಕು. ದೇವರಕಾಡುಗಳನ್ನು ಈ ಲೆಕ್ಕದಲ್ಲಿ ಎಲ್ಲಿಡುವುದು ಅನ್ನುವುದು ಇನ್ನೂ ಒಳ್ಳೆಯ ಪ್ರಶ್ನೆ: ಒಂದು ಹೆಕ್ಟೇರೂ ಇಲ್ಲದ ಕಾಡು ಆ ನಕ್ಷೆಯಲ್ಲಿ ಕಾಡೇ ಅಲ್ಲ.

ನಿಮ್ಮದು ಸಸ್ಯಶಾಸ್ತ್ರ, ಹಾಗಾಗಿ ಇನ್ನೊಂದು. ತೋಟದಲ್ಲಿ '795' ಅಂದರೆ ಎಲ್ಲರಿಗೂ ಗೊತ್ತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ಅರೇಬಿಕಾ ತಳಿ. ಅದರ ವಂಶ ಹುಡುಕುತ್ತ ಹೋದರೆ ಎಸ್.288, ಅದರ ಹಿಂದೆ ಅರೇಬಿಕಾ ಮತ್ತು ಲೈಬೀರಿಕಾ ಎಂಬ ಎರಡು ಕಾಫಿ ಪ್ರಭೇದಗಳು ತಾವಾಗಿಯೇ ಕೂಡಿ ಹುಟ್ಟಿದ್ದೆಂದು ತಿಳಿಯಲಾದ ಗಿಡ. ಒಂದಕ್ಕೆ 44 ಕ್ರೋಮೋಸೋಮ್, ಇನ್ನೊಂದಕ್ಕೆ 22. ಪ್ರಭೇದ ಅಂದರೆ ತನ್ನೊಳಗೆ ಕೂಡಿ ಸಂತಾನ ಬೆಳೆಸುವ, ಹೊರಗಿನವುಗಳಿಂದ ಬೇರೆಯಾಗಿ ಉಳಿಯುವ ಗುಂಪು ಅಂತ ಜೀವವಿಜ್ಞಾನಿ ಅರ್ನ್‌ಸ್ಟ್ ಮಾಯರ್ 1942ರಲ್ಲಿ ಕೊಟ್ಟ ವ್ಯಾಖ್ಯೆ ನಿಮ್ಮ ಪಠ್ಯದಲ್ಲಿದೆ. 795ರ ಬುಡದಲ್ಲಿ ನಿಂತು ಆ ಪುಟವನ್ನು ಮತ್ತೊಮ್ಮೆ ಓದಿ.

ಸಮಾಜಶಾಸ್ತ್ರದವರಿಗಂತೂ ಕೊಡಗೇ ಪಠ್ಯ. ಎಂ.ಎನ್. ಶ್ರೀನಿವಾಸ್ 'ಸಂಸ್ಕೃತೀಕರಣ' (ಕೆಳಗಿನವೆನಿಸಿಕೊಂಡ ಜಾತಿಯವರು ಮೇಲಿನವರ ಆಚಾರಗಳನ್ನು ಅಳವಡಿಸಿಕೊಳ್ಳುವುದು) ಎಂಬ ಪರಿಕಲ್ಪನೆಯನ್ನು ಮುಂದಿಟ್ಟದ್ದು ಕೊಡವರ ಕುರಿತ 1952ರ ಅವರ ಅಧ್ಯಯನದಲ್ಲಿ. ಆ ಪದ ನಡೆದದ್ದನ್ನು ವರ್ಣಿಸುತ್ತದೋ, ವಿವರಿಸುತ್ತದೋ? ಒಂದು ಪ್ರಬಂಧಕ್ಕೆ ಇಷ್ಟು ಸಾಕು.

ಇನ್ನು ದಾರಿ. ನನ್ನ ಮೊದಲ ಸಲಹೆ, ಎಂಎಸ್ಸಿ ಸಸ್ಯಶಾಸ್ತ್ರವನ್ನೇ ಮಾಡಿ, ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿನ ಒಂದು ಅಧ್ಯಾಯವನ್ನಾದರೂ ಇಂಥ ಪ್ರಶ್ನೆಗೆ ಕೊಡಿ. ಗೈಡ್ ಒಪ್ಪಬೇಕಾದರೆ 'ಫಿಲಾಸಫಿ' ಅಂತ ಬಾಯಿಬಿಡದೆ 'ಪರಿಕಲ್ಪನೆಗಳ ವಿಮರ್ಶೆ' ಅನ್ನಿ. ಇದು ತುಸು ಕಳ್ಳತನವೇ, ಆದರೂ ಕೆಲಸ ನಡೆಯುತ್ತದೆ. ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಆನ್‌ಲೈನ್ ಕಲಿಕೆಯ ಜಾಲತಾಣದ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಶೇ 40ರವರೆಗೆ ಕ್ರೆಡಿಟ್ ಪಡೆಯಲು 2021ರ ಯುಜಿಸಿ ನಿಯಮ ಅವಕಾಶ ಕೊಡುತ್ತದೆ, ನಿಮ್ಮ ವಿಶ್ವವಿದ್ಯಾಲಯ ಅದನ್ನು ಒಪ್ಪಿದೆಯೇ ವಿಚಾರಿಸಿ. 2022ರಿಂದ ಎರಡು ಪದವಿಗಳನ್ನು ಒಟ್ಟಿಗೆ ಓದಬಹುದು, ಹಾಗಾಗಿ ಎಂಎಸ್ಸಿ ತರಗತಿಗೆ ಹೋಗುತ್ತಲೇ ಇಗ್ನೋದ ದೂರಶಿಕ್ಷಣದ ತತ್ತ್ವಶಾಸ್ತ್ರ ಎಂ.ಎ.ಗೂ ಸೇರಬಹುದು. ಅದಕ್ಕೆ ಸೇರಲು ಯಾವ ಪದವಿಯಾದರೂ ನಡೆಯುತ್ತದೆ, ಆದರೆ ಓದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಎರಡೂ ಒಟ್ಟಿಗೆ ಅಂದರೆ ನಿದ್ದೆಗೆ ಕತ್ತರಿ, ಅದನ್ನೂ ಹೇಳಿರುತ್ತೇನೆ. ಆಮೇಲೆ ಸಂಶೋಧನೆಗೆ ಹೋಗುವ ಮನಸ್ಸಾದರೆ ಬೆಂಗಳೂರಿನ ಐಐಎಸ್ಸಿ ಆವರಣದಲ್ಲೇ ಇರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕಡೆಗೊಮ್ಮೆ ನೋಡಿ.

ಹೊರದೇಶದಲ್ಲಿ ಇದಕ್ಕೆಂದೇ ಕೋರ್ಸುಗಳಿವೆ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ, ಬೇರೆ ವಿಷಯದಲ್ಲಿ ಪದವಿ ಮುಗಿಸಿದವರು ತಮ್ಮದೇ ವಿಷಯದ ತತ್ತ್ವಶಾಸ್ತ್ರ ಓದುವ ಎರಡು ವರ್ಷದ, 120 ಕ್ರೆಡಿಟ್‌ನ ಎಂ.ಎ. ಇದೆ. ಅಲ್ಲಿ ಒಂದು ಕ್ರೆಡಿಟ್ ಅಂದರೆ 28 ಗಂಟೆಯ ಓದು, ಲೆಕ್ಕ ಹಾಕಿಕೊಳ್ಳಿ. ಸಮಾಜವಿಜ್ಞಾನ, ಅರ್ಥಶಾಸ್ತ್ರದವರಿಗೆ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಇದೆ, ಅಲ್ಲಿನ ತತ್ತ್ವಶಾಸ್ತ್ರ ವಿಭಾಗವನ್ನು ಕಟ್ಟಿದ್ದು ತತ್ತ್ವಜ್ಞಾನಿ ಕಾರ್ಲ್ ಪಾಪರ್, 1946ರಲ್ಲಿ. ಫೀಸು ಕೇಳಿದರೆ ಕಾಫಿಗೆ ಎಷ್ಟೇ ರೇಟ್ ಬಂದರೂ ಎದೆ ಝಲ್ಲೆನ್ನುತ್ತದೆ, ಸ್ಕಾಲರ್‌ಶಿಪ್ ಇಲ್ಲದೆ ಹೊರಡಬೇಡಿ.

ಕೆಲಸ ಸಿಗುತ್ತದೆಯೇ ಅಂತ ನೀವು ಕೇಳಲಿಲ್ಲ, ಮನೆಯಲ್ಲಿ ಕೇಳುತ್ತಾರೆ. ತತ್ತ್ವಶಾಸ್ತ್ರ ವಿಭಾಗಗಳೇ ಕಡಿಮೆ, ಅಲ್ಲಿ ಹುದ್ದೆ ಇನ್ನೂ ಕಡಿಮೆ. ಸಹಾಯಕ ಪ್ರಾಧ್ಯಾಪಕರಾಗಲು 2018ರ ಯುಜಿಸಿ ನಿಯಮ ಸಂಬಂಧಪಟ್ಟ ವಿಷಯದ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಮತ್ತು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇಲ್ಲವೇ ರಾಜ್ಯಮಟ್ಟದ ಸೆಟ್ ಕೇಳುತ್ತದೆ. ಸಸ್ಯಶಾಸ್ತ್ರದ ಎಂಎಸ್ಸಿ ಕೈಯಲ್ಲಿದ್ದರೆ ಜೀವವಿಜ್ಞಾನದ ನೆಟ್ ಬರೆಯಬಹುದು, ಆ ಬಾಗಿಲು ತೆರೆದೇ ಇರುತ್ತದೆ. ಬಿಡಬೇಡಿ ಅಂತ ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ. ಕೂಟದ ಒಬ್ಬ ಸದಸ್ಯ ಅಂತಲೇ ಇಟ್ಟುಕೊಳ್ಳಿ.

ಕೋರ್ಸಿನ ಮಾತು ಹಾಗಿರಲಿ, ನಿಮ್ಮ ಮನೆಯಲ್ಲಿ ಮಳೆ ಪುಸ್ತಕ ಇದ್ದೀತು, ಹುಡುಕಿ. ನಮ್ಮಲ್ಲಿ ಸ್ಪ್ರಿಂಕ್ಲರ್ ಬಂದ ಮೇಲಿನ ವರ್ಷಗಳ ಪುಟ ತಿರುಗಿಸಿದಾಗ ನನಗೊಂದು ಕಂಡಿತು. ಮಳೆಯ ಒಂದೊಂದು ಸೆಂಟೂ ಬರೆದಿದ್ದಾರೆ, ಹೂವಿನ ತಾರೀಖು ಬರೆದಿದ್ದಾರೆ, ಸ್ಪ್ರಿಂಕ್ಲರ್ ಹಾಕಿದ ದಿನ ಎಲ್ಲೂ ಇಲ್ಲ. ಪುಸ್ತಕದ ಹೆಸರೇ ಮಳೆ ಪುಸ್ತಕ, ಪೈಪಿನ ನೀರನ್ನು ಅದರಲ್ಲಿ ಯಾರು ಬರೆಯುತ್ತಾರೆ? ಈ ಮಾರ್ಚಿನಲ್ಲಿ ನಾನೇ ಪೆನ್ಸಿಲಿನಲ್ಲಿ ಒಂದು ಕಾಲಂ ಎಳೆದಿದ್ದೇನೆ.