104 ರನ್ ಮುಂದಿದ್ದ ತಂಡ ಪ್ಲೇಆಫ್‌ಗೆ ಯಾಕೆ ಹೋಗಲಿಲ್ಲ?

ಪ್ರಶ್ನೆ: ಮಚಾಡೊ, ಸೋಟೊ, ಟಾಟಿಸ್, ಬೊಗಾರ್ಟ್ಸ್ ಎಲ್ಲ ಒಂದೇ ತಂಡದಲ್ಲಿದ್ದರು. ಆದರೂ 2023ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಸ್ಯಾನ್ ಡಿಯಾಗೊ ಪಾಡ್ರೆಸ್ ಪ್ಲೇಆಫ್ ಮುಟ್ಟಲಿಲ್ಲ. ಅಷ್ಟು ದುಡ್ಡು ಎಣಿಸಿಕೊಂಡವರಿಗೆ ಕೊನೇ ಗಳಿಗೆಯಲ್ಲಿ ದಮ್ಮೇ ಇರಲಿಲ್ಲ ಅಂತಾರಲ್ಲ, ನಿಜವೇ?

ಉತ್ತರ: ನಿಜವಲ್ಲ. ಸ್ಯಾನ್ ಡಿಯಾಗೊಗೆ ಬಂದು ನೆಲೆಸಿದ ಕನ್ನಡದವರು ಪಾಡ್ರೆಸ್ ತವರು ಮೈದಾನ ಪೆಟ್ಕೊ ಪಾರ್ಕಿಗೆ ಒಂದೆರಡು ಸಲ ಹೋಗಿ ಬಂದರೆಂದರೆ ನನಗೆ ಕೇಳುವ ಮೊದಲ ಪ್ರಶ್ನೆ ಇದೇ. ಯುಗಾದಿ ಊಟದ ಸಾಲಿನಲ್ಲಿ ಕೇಳಿದ್ದಾರೆ, ಮಕ್ಕಳ ಕನ್ನಡ ತರಗತಿಯ ಬಾಗಿಲಲ್ಲಿ ಕೇಳಿದ್ದಾರೆ. ಪ್ರತಿ ಸಲವೂ ಹೇಳುತ್ತೇನೆ, ಪ್ರತಿ ಸಲವೂ ಅರ್ಧ ಕೇಳಿಸಿಕೊಂಡು ತಲೆಯಾಡಿಸಿ, ಮುಂದಿನ ವಾರ ಅದೇ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಆದದ್ದೇನು ನೋಡಿ. ಆ ವರ್ಷ ಪಾಡ್ರೆಸ್ 752 ರನ್ ಹೊಡೆದರು, 648 ಬಿಟ್ಟುಕೊಟ್ಟರು. 104 ರನ್ ಲಾಭ. ಬೇಸ್‌ಬಾಲ್ ಅಂಕಿಅಂಶಗಳ ಪಂಡಿತ ಬಿಲ್ ಜೇಮ್ಸ್ ಕೊಟ್ಟ ಹಳೆಯ ಸೂತ್ರವೊಂದಿದೆ: ಹೊಡೆದ ರನ್ನಿನ ವರ್ಗವನ್ನು, ಹೊಡೆದದ್ದು ಮತ್ತು ಬಿಟ್ಟುಕೊಟ್ಟದ್ದು ಎರಡರ ವರ್ಗಗಳ ಮೊತ್ತದಿಂದ ಭಾಗಿಸಿ. 162 ಪಂದ್ಯಕ್ಕೆ ಲೆಕ್ಕ ಹಾಕಿದರೆ ಸುಮಾರು 93 ಗೆಲುವು ಬರಬೇಕು. ಬಂದದ್ದು 82. ಸೋಲು 80. ಕೊನೆಯ ಪ್ಲೇಆಫ್ ಜಾಗ 84 ಗೆಲುವಿಗೆ ಹೋಯಿತು.

ಆ 11 ಗೆಲುವು ಎಲ್ಲಿ ಸೋರಿಹೋಯಿತು ಅಂತ ಹುಡುಕಲು ದೂರ ಹೋಗಬೇಕಿಲ್ಲ. ಒಂದೇ ರನ್ನಿನ ಅಂತರದಲ್ಲಿ ಮುಗಿದ 32 ಪಂದ್ಯಗಳಲ್ಲಿ ಗೆದ್ದದ್ದು 9, ಸೋತದ್ದು 23. ಒಂಬತ್ತು ಇನಿಂಗ್ಸ್ ಮುಗಿದಾಗ ಸಮವಾಗಿ ಹೆಚ್ಚುವರಿ ಇನಿಂಗ್ಸ್‌ಗೆ ಹೋದ 14 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು. ಒಂದು ರನ್ನಿನ ಆ 32 ಬಿಟ್ಟು ಉಳಿದ 130 ಪಂದ್ಯಗಳಲ್ಲಿ ಇದೇ ತಂಡ 73 ಗೆದ್ದು 57 ಸೋತಿದೆ.

ಈ 9–23 ನೋಡಿದ ತಕ್ಷಣ ಎಲ್ಲರ ಬಾಯಲ್ಲೂ ಬರುವ ಮಾತು, ಬಿಗಿಯಾದ ಪಂದ್ಯದಲ್ಲಿ ಕೈ ನಡುಗುತ್ತೆ ಅನ್ನೋದು. ನಮ್ಮಪ್ಪನೂ ಅದನ್ನೇ ಅಂದಿದ್ದರು. ಆ ಬೇಸಿಗೆ ಅರಸೀಕೆರೆಯಿಂದ ನಮ್ಮ ಮನೆಗೆ ಬಂದಿದ್ದರು. ಹರೆಯದಲ್ಲಿ ಊರಿನ ಕ್ಲಬ್ ಕ್ರಿಕೆಟ್‌ಗೆ ಸ್ಕೋರ್ ಬರೆಯುತ್ತಿದ್ದವರು. ಬೇಸ್‌ಬಾಲ್ ಸ್ಕೋರ್ ಹಾಳೆಯನ್ನೂ ಎರಡೇ ಪಂದ್ಯದಲ್ಲಿ ಕಲಿತುಬಿಟ್ಟರು. ಅವತ್ತು ಒಂದು ರನ್ ಹಿಂದಿದ್ದೆವು. ಒಂಬತ್ತನೇ ಇನಿಂಗ್ಸ್, ಮೂರನೇ ಬೇಸ್‌ನಲ್ಲಿ ನಮ್ಮವನೊಬ್ಬ, ಎರಡು ಔಟ್. ಹೊಡೆತದ ಸದ್ದು ಕೇಳಿಯೇ ನಾವು ಎದ್ದು ನಿಂತೆವು. ಕಣ್ಣು ಚೆಂಡನ್ನು ಹುಡುಕುವಷ್ಟರಲ್ಲಿ ಅದು ಎದುರಾಳಿ ಮೂರನೇ ಬೇಸ್‌ಮನ್‌ನ ಗ್ಲವ್‌ನಲ್ಲಿತ್ತು. ಅವನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಪಂದ್ಯ ಮುಗಿಯಿತು. ವಾಪಸ್ ಬರುವಾಗ ಟ್ರಾಲಿಯಲ್ಲಿ ಅಪ್ಪ, "ಹೊಟ್ಟೆ ತುಂಬಿದೋರು ಕಣಮ್ಮ ಇವರು, ಹಸಿವೇ ಇಲ್ಲ" ಅಂದರು.

ಮನೆಗೆ ಬಂದು ಅವರೇ ಬರೆದ ಹಾಳೆಯನ್ನು ಮೇಜಿನ ಮೇಲೆ ಹರಡಿ ತೋರಿಸಿದೆ. ಮೂರನೇ ಇನಿಂಗ್ಸ್‌ನಲ್ಲಿ ಅದೇ ಬ್ಯಾಟರ್ ಬ್ಯಾಟಿನ ತುದಿಗೆ ತಾಗಿಸಿದ ಚೆಂಡೊಂದು ಮೆಲ್ಲಗೆ ತೇಲಿ, ಮೊದಲ ಬೇಸ್ ಹಿಂದಿನ ಖಾಲಿ ಹುಲ್ಲಿನ ಮೇಲೆ ಬಿದ್ದು ಹಿಟ್ ಆಗಿತ್ತು, ಅಂದರೆ ಅವನು ಔಟಾಗದೆ ಬೇಸ್ ಮುಟ್ಟಿದ್ದ. ಕೆಟ್ಟ ಹೊಡೆತಕ್ಕೆ ಹಿಟ್, ಒಳ್ಳೆಯ ಹೊಡೆತಕ್ಕೆ ಔಟ್. ಅವನು ಎರಡು ಸಲವೂ ಒಬ್ಬನೇ ಮನುಷ್ಯ. ಹಸಿವು ಮೂರನೇ ಇನಿಂಗ್ಸ್‌ನಲ್ಲಿದ್ದು ಒಂಬತ್ತರಲ್ಲಿ ಇಲ್ಲವಾಯಿತೇ?

ಒಂದು ಪಂದ್ಯದಿಂದ ಏನೂ ಸಾಬೀತಾಗುವುದಿಲ್ಲ, ಸರಿ. ಹಾಗಾದರೆ ಹಿಂದಿನ ವರ್ಷಕ್ಕೆ ಹೋಗೋಣ. 2022ರಲ್ಲಿ ಇದೇ ಪಾಡ್ರೆಸ್ ಒಂದು ರನ್ನಿನ ಪಂದ್ಯಗಳಲ್ಲಿ 30 ಗೆದ್ದು 17 ಸೋತಿದ್ದರು. ಮ್ಯಾನೇಜರ್ ಅದೇ ಬಾಬ್ ಮೆಲ್ವಿನ್. ಮಚಾಡೊ, ಕ್ರೋನೆನ್‌ವರ್ತ್, ಹಾ-ಸಿಯಾಂಗ್ ಕಿಮ್, ಡಾರ್ವಿಶ್, ಸ್ನೆಲ್ ಎಲ್ಲ ಅವರೇ. ಆ ಅಕ್ಟೋಬರ್‌ನಲ್ಲಿ 111 ಪಂದ್ಯ ಗೆದ್ದಿದ್ದ ಡಾಡ್ಜರ್ಸ್‌ರನ್ನು ಪ್ಲೇಆಫ್‌ನಿಂದ ಹೊರಗಟ್ಟಿದವರೂ ಇವರೇ. ಅವತ್ತು ಊರೆಲ್ಲ ಇವರ ಎದೆಗಾರಿಕೆಯನ್ನು ಹೊಗಳಿತ್ತು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಆ ಎದೆಗಾರಿಕೆ ಎಲ್ಲಿಗೆ ಹೋಗುತ್ತದೆ?

ಇನ್ನೊಂದು ತುದಿಯಲ್ಲಿ ಮಯಾಮಿ ಮಾರ್ಲಿನ್ಸ್ ಇದ್ದರು. 2023ರಲ್ಲಿ ಅವರು 666 ರನ್ ಹೊಡೆದು 723 ಬಿಟ್ಟುಕೊಟ್ಟರು, ಅಂದರೆ 57 ರನ್ ನಷ್ಟ. ಆದರೆ ಒಂದು ರನ್ನಿನ ಪಂದ್ಯಗಳಲ್ಲಿ 33–14. ಒಟ್ಟು 84 ಗೆಲುವು, ಪ್ಲೇಆಫ್ ಜಾಗ, ಅವರ ಮ್ಯಾನೇಜರ್‌ಗೆ ವರ್ಷದ ಮ್ಯಾನೇಜರ್ ಪ್ರಶಸ್ತಿ. ಮರುವರ್ಷ 62 ಗೆದ್ದು 100 ಸೋತರು. ಅವರ ಪಿಚರ್‌ಗಳಿಗೆ (ಚೆಂಡೆಸೆಯುವವರಿಗೆ) ಗಾಯಗಳಾದವು, 0.354 ಸರಾಸರಿಯಲ್ಲಿ ಹೊಡೆದಿದ್ದ ಬ್ಯಾಟರ್ ಅರಾಯೆಸ್‌ನನ್ನು ಮೇ ತಿಂಗಳಲ್ಲಿ ನಮಗೇ ಕೊಟ್ಟುಬಿಟ್ಟರು, ಇದೆಲ್ಲ ಒಪ್ಪುತ್ತೇನೆ. ಆದರೆ ಬಿಗಿ ಪಂದ್ಯ ಗೆಲ್ಲುವುದು ತಂಡದ ರಕ್ತದಲ್ಲೇ ಇರುವ ಗುಣವಾಗಿದ್ದರೆ ಇಷ್ಟು ಬೇಗ ಇಂಗಿಹೋಗುತ್ತಿರಲಿಲ್ಲ.

ಇನ್ನೂ ಅನುಮಾನವಿದ್ದರೆ ಒಂದು ನಾಣ್ಯ ತೆಗೆದುಕೊಂಡು 32 ಸಲ ಚಿಮ್ಮಿ. ತಲೆ ಬೀಳುವುದು ಒಂಬತ್ತು ಸಲ ಅಥವಾ ಅದಕ್ಕಿಂತ ಕಡಿಮೆ ಆಗುವ ಸಾಧ್ಯತೆ ನೂರಕ್ಕೆ ಒಂದು. ಅಪರೂಪ, ನಿಜ. ಆದರೆ ಲೀಗಿನಲ್ಲಿ 30 ತಂಡಗಳಿವೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ಯಾವುದಾದರೂ ಒಂದು ತಂಡದ ಹಣೆಯಲ್ಲಿ ಇಂಥ ವರ್ಷ ಬರೆದಿರಲೇಬೇಕು. 2023ರಲ್ಲಿ ಆ ಸರದಿ ನಾನು ಪ್ರೀತಿಸುವ ತಂಡಕ್ಕೆ ಬಂತು. ಅದರ ನೋವು ನನಗೆ ಇವತ್ತಿಗೂ ಇದೆ. ಆ ನೋವಿಗೆ ಆಟಗಾರರ ಗುಣವನ್ನು ಹೊಣೆ ಮಾಡಲು ಮಾತ್ರ ಮನಸ್ಸು ಒಪ್ಪುವುದಿಲ್ಲ. ಆ ವರ್ಷ ಬ್ಲೇಕ್ ಸ್ನೆಲ್ 2.25 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್ನಿನ ಸರಾಸರಿ; ಕಡಿಮೆಯಿದ್ದಷ್ಟೂ ಒಳ್ಳೆಯದು) ಇಟ್ಟು ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ಪಂದ್ಯದ ಕೊನೆಯ ಮೂರು ಔಟ್ ತೆಗೆಯುವುದೇ ಕೆಲಸವಾಗಿದ್ದ ಜಾಶ್ ಹೇಡರ್ ಇಆರ್‌ಎ 1.28. ಸೋಟೊ 162ಕ್ಕೆ 162 ಪಂದ್ಯವನ್ನೂ ಆಡಿದ, 35 ಹೋಮ್ ರನ್ ಹೊಡೆದ. ಸೆಪ್ಟೆಂಬರ್ ಮಧ್ಯದಲ್ಲಿ 68–78ಕ್ಕೆ ಕುಸಿದು ಬಾಗಿಲು ಮುಚ್ಚಿದಂತೆಯೇ ಇದ್ದಾಗ, ಉಳಿದ 16ರಲ್ಲಿ 14 ಗೆದ್ದರು. ಹೊಟ್ಟೆ ತುಂಬಿದವರು ಹಾಗೆ ಆಡುತ್ತಾರೆಯೇ?

ತಂಡದಲ್ಲಿ ತಪ್ಪೇ ಇರಲಿಲ್ಲವೆಂದಲ್ಲ. ಬೆಂಚ್ ತೆಳುವಾಗಿತ್ತು, ಹೇಡರ್‌ಗೆ ಚೆಂಡು ತಲುಪಿಸುವವರೆಗಿನ ಏಳು-ಎಂಟನೇ ಇನಿಂಗ್ಸ್ ಎದೆ ಢವಗುಟ್ಟಿಸುತ್ತಿತ್ತು. ಇವು ಒಂದೆರಡು ಗೆಲುವನ್ನು ಕಸಿದಿರಬಹುದು. ಹನ್ನೊಂದನ್ನಲ್ಲ.

ಇಷ್ಟು ಬರೆಯುವಾಗ, ಯಾರೂ ನೇರವಾಗಿ ಕೇಳದ ಒಂದು ಪ್ರಶ್ನೆ ತಲೆಗೆ ಬಂತು. ರನ್ ಅಂತರವೇ ನಿಜವಾದ ಅಳತೆಗೋಲು ಅಂದರೆ, ಬೇಸ್‌ಬಾಲ್‌ನಲ್ಲೂ ನೆಟ್ ರನ್ ರೇಟ್ ಯಾಕಿರಬಾರದು? 2024ರ ಮೇ 18, ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಮತ್ತು ಚೆನ್ನೈ ಪಂದ್ಯವನ್ನು ನೆನಪಿಸಿಕೊಳ್ಳಿ. ಮೊದಲ ಎಂಟರಲ್ಲಿ ಏಳು ಸೋತಿದ್ದ ತಂಡ ಆರ್‌ಸಿಬಿ. ಪ್ಲೇಆಫ್‌ಗೆ ಹೋಗಲು ಗೆದ್ದರಷ್ಟೇ ಸಾಲದು, ಕನಿಷ್ಠ 18 ರನ್ನಿನಿಂದ ಗೆಲ್ಲಬೇಕಿತ್ತು. ಕೊನೇ ಓವರ್‌ನಲ್ಲಿ ಚೆನ್ನೈಗೆ ಬೇಕಿದ್ದದ್ದು ಪಂದ್ಯದ ಗೆಲುವಲ್ಲ, ಬರೀ 17 ರನ್. ಧೋನಿ ಮೊದಲ ಎಸೆತಕ್ಕೇ ಸಿಕ್ಸರ್ ಎತ್ತಿದರೂ ಯಶ್ ದಯಾಳ್ ಕೊಟ್ಟದ್ದು ಏಳೇ ರನ್. ಅಲ್ಲಿ ಪ್ರತಿ ರನ್ನಿಗೂ ಇಬ್ಬರೂ ಜೀವ ಬಿಟ್ಟು ಹೋರಾಡಿದ್ದರು, ಆದ್ದರಿಂದ ಆ ಲೆಕ್ಕಕ್ಕೆ ಬೆಲೆಯಿತ್ತು.

ಬೇಸ್‌ಬಾಲ್ ಹೆಚ್ಚುಕಡಿಮೆ ದಿನಾ ಆಡುವ ಆಟ. ಎಂಟು ರನ್ ಹಿಂದೆ ಬಿದ್ದರೆ ಮ್ಯಾನೇಜರ್ ಒಬ್ಬ ಫೀಲ್ಡರ್‌ನನ್ನೇ ಚೆಂಡೆಸೆಯಲು ಕಳಿಸಬಹುದು, ನಿಯಮವೇ ಅದನ್ನು ಒಪ್ಪುತ್ತದೆ; ನಾಳೆಯ ಪಂದ್ಯಕ್ಕೆ ಪಿಚರ್‌ಗಳ ತೋಳು ಉಳಿಯಬೇಕು. ಅಂಥ ಹೊತ್ತಿನಲ್ಲಿ ಬಂದ ರನ್ನಿನ ಮೇಲೆ ಪ್ಲೇಆಫ್ ಜಾಗ ಹಂಚುವುದು ಅನ್ಯಾಯ. ಇಡೀ ವರ್ಷದ ಮೊತ್ತ ತಂಡದ ಬಲವನ್ನು ತೋರಿಸುತ್ತದೆ, ಆದರೆ ಅದಕ್ಕೆ ಬಹುಮಾನ ಕೊಡಕೂಡದು. 2022ರಿಂದ ಇಲ್ಲಿ ಗೆಲುವು ಸಮವಾದರೆ ಪರಸ್ಪರ ಆಡಿದ ಪಂದ್ಯಗಳನ್ನು ನೋಡುತ್ತಾರೆ. 2023ರಲ್ಲಿ ಮಯಾಮಿ, ಅರಿಜೋನಾ ಎರಡೂ 84–78. ಮಯಾಮಿಗೆ ಐದನೇ ಜಾಗ ಸಿಕ್ಕಿದ್ದು ಹಾಗೆ. 15 ರನ್ ನಷ್ಟದಲ್ಲಿದ್ದ ಅರಿಜೋನಾ ಆರನೆಯದಾಗಿ ಒಳಗೆ ಬಂದು, ಲೀಗಿನ ಫೈನಲ್ಲಾದ ವರ್ಲ್ಡ್ ಸೀರೀಸ್ ತನಕ ಹೋಯಿತು. ಆ ವಾರ ಅಪ್ಪ ಊರಿನಿಂದ ಫೋನ್ ಮಾಡಿ ಅರಿಜೋನಾದ ರನ್ ಲೆಕ್ಕ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮದು 104 ಅಲ್ವಾ?" ಅಂದರು. ಹೌದಪ್ಪ, ಅಂದೆ.