ಡಿಸಿ ಜಾಕಿನ ಮೂರನೇ ಕಾಲು

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಅದಕ್ಕೇ 12 ವೋಲ್ಟಿನ ಎಲ್‌ಇಡಿ ದೀಪ ಮಾಡಲು ಹೊರಟೆ. ಅಡಾಪ್ಟರಿನಿಂದಲೂ ಉರಿಯಬೇಕು, ಬ್ಯಾಟರಿಯಿಂದಲೂ ಉರಿಯಬೇಕು. ದೀಪ ಅರ್ಧ ಗಂಟೆಯಲ್ಲಿ ಆಯಿತು. ಅಡಾಪ್ಟರಿನ ಪ್ಲಗ್ ಚುಚ್ಚುವ ಡಿಸಿ ಜಾಕ್ ಒಂದಕ್ಕೇ ಎರಡು ದಿನ ಹೋಯಿತು.

ಮೊದಲು ಅಳತೆ. ಶಿವಮೊಗ್ಗದ ಅಂಗಡಿಯಲ್ಲಿ "ಡಿಸಿ ಜಾಕ್ ಕೊಡಿ" ಅಂದೆ. "ಯಾವ ಸೈಜು?" ಅಂದರು. ಸುಮ್ನೆ ನಿಂತೆ. ಸಾಮಾನ್ಯವಾಗಿ ಸಿಗುವ ಎರಡು ಬಗೆಯ ಪ್ಲಗ್ಗಿಗೂ ಹೊರಗಿನ ಅಳತೆ 5.5 ಮಿ.ಮೀ. ಇರುತ್ತದೆ. ವ್ಯತ್ಯಾಸ ಇರುವುದು ಜಾಕಿನ ನಡುವಿನ ಪಿನ್ನಿನಲ್ಲಿ, ಪ್ಲಗ್ಗಿನಲ್ಲಿ ಅದು ಕೂರುವ ತೂತಿನಲ್ಲಿ: 2.1 ಅಥವಾ 2.5. 2.1ರ ಪ್ಲಗ್ 2.5ರ ಜಾಕಿಗೆ ಹೋಗುವುದೇ ಇಲ್ಲ, ಹಾಗಾಗಿ ತಪ್ಪು ಕೂಡಲೇ ಗೊತ್ತಾಗುತ್ತದೆ. ತೊಂದರೆ ಇರುವುದು ಉಲ್ಟಾ ಆದಾಗ. 2.5ರ ಪ್ಲಗ್ 2.1ರ ಜಾಕಿನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಸಡಿಲ. ವೈರ್ ಅಲುಗಿದರೆ ದೀಪ ಮಿಣಮಿಣ. ಅಂಗಡಿಗೆ ಅಡಾಪ್ಟರನ್ನೇ ಒಯ್ಯಿರಿ.

ಪ್ಲಸ್ ಯಾವುದು, ಮೈನಸ್ ಯಾವುದು ಅನ್ನುವುದು ಅಡಾಪ್ಟರ್ ಮೇಲಿನ ಚಿತ್ರದಲ್ಲೇ ಇರುತ್ತದೆ. ನನ್ನದರಲ್ಲಿ ನಡುವಿನದು ಪ್ಲಸ್.

ಈಗ ನಾನು ಎಡವಿದ ಜಾಗ. ಜಾಕಿಗೆ ವೈರ್ ಬೆಸೆಯುವ ಕಾಲು ಮೂರು! ಒಂದು ನಡುವಿನ ಪಿನ್ನಿನದು, ಅದು ಮಲ್ಟಿಮೀಟರಿನಲ್ಲಿ ಬೇಗ ಸಿಕ್ಕಿತು. ಉಳಿದ ಎರಡನ್ನೂ ಒಳಗಿನ ತಗಡಿನ ಸ್ಪ್ರಿಂಗಿಗೆ ಇಟ್ಟು ನೋಡಿದೆ. ಎರಡೂ ಬೀಪ್ ಅಂದವು, ಅಂದರೆ ಸಂಪರ್ಕ ಇದೆ. ಎರಡೂ ಮೈನಸ್ಸೇ ಅಲ್ವಾ ಅಂತ ಕೈಗೆ ಹತ್ತಿರವಿದ್ದದ್ದಕ್ಕೆ ಕಪ್ಪು ವೈರ್ ಬೆಸೆದೆ. ಪ್ಲಗ್ ಹಾಕಿದೆ. ದೀಪ ಹತ್ತಲಿಲ್ಲ. ಪ್ಲಗ್ ಕಿತ್ತು ಅಳೆದರೆ ಮತ್ತೆ ಬೀಪ್.

ಅಲ್ಲೇ ಇತ್ತು ಉತ್ತರ. ಮೂರನೇ ಕಾಲು ಒಂದು ಸ್ವಿಚ್. ಪ್ಲಗ್ ಇಲ್ಲದಾಗ ಸ್ಪ್ರಿಂಗ್ ಅದಕ್ಕೆ ತಾಗಿಕೊಂಡಿರುತ್ತದೆ. ಪ್ಲಗ್ ಒಳಗೆ ಹೋದಾಗ ಸ್ಪ್ರಿಂಗನ್ನು ಆಚೆ ತಳ್ಳುತ್ತದೆ, ಸಂಪರ್ಕ ತಪ್ಪುತ್ತದೆ. ನಾನು ಅಳೆದದ್ದೆಲ್ಲ ಪ್ಲಗ್ ಇಲ್ಲದೆ!

ಹಾಗಾಗಿ ವೈರ್ ಹಾಕದ ಖಾಲಿ ಪ್ಲಗ್ ಒಂದನ್ನು ಜಾಕಿಗೆ ಚುಚ್ಚಿ. ಮೀಟರಿನ ಒಂದು ಕಡ್ಡಿ ಪ್ಲಗ್ಗಿನ ಹೊರಗಿನ ಕಾಲಿಗೆ, ಇನ್ನೊಂದು ಜಾಕಿನ ಕಾಲುಗಳಿಗೆ. ಬೀಪ್ ಬಂದದ್ದು ನಿಜವಾದ ಮೈನಸ್. ಸುಮ್ಮನಿದ್ದದ್ದರಲ್ಲಿ ಒಂದು ನಡುವಿನ ಪಿನ್ನು, ಇನ್ನೊಂದು ಸ್ವಿಚ್. ಬ್ಯಾಟರಿಯ ಮೈನಸ್ ಹೋಗಬೇಕಾದದ್ದು ಆ ಸ್ವಿಚ್ಚಿಗೆ. ದೀಪದ ಮೈನಸ್ ನಿಜವಾದ ಮೈನಸ್ಸಿಗೆ. ಪ್ಲಸ್ ಎಲ್ಲವೂ ನಡುವಿನದಕ್ಕೆ. ಪ್ಲಗ್ ಹಾಕಿದರೆ ಬ್ಯಾಟರಿ ತಾನೇ ಕಳಚಿಕೊಳ್ಳುತ್ತದೆ.

ಬೆಸೆಯುವಾಗಲೂ ಆ ಖಾಲಿ ಪ್ಲಗ್ ಜಾಕಿನಲ್ಲೇ ಇರಲಿ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದರೂ ನಡುವಿನ ಪಿನ್ ಓರೆಯಾಗುವುದಿಲ್ಲ. ಖಾಲಿ ಪ್ಲಗ್ ಇಡದೆ ಬೆಸೆದೇ ನನ್ನ ಮೊದಲ ಜಾಕ್ ಹಾಳಾಯಿತು. ಬಿಸಿಗೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಕೊಳವೆ, ಹೀಟ್ ಶ್ರಿಂಕ್ ಸ್ಲೀವನ್ನು ಮೊದಲೇ ವೈರಿಗೆ ತೂರಿಸಿ. ನಾನು ಮೂರು ಸಲ ಮರೆತಿದ್ದೇನೆ.

ಇನ್ನೊಂದು ತಪ್ಪು ತಿಳುವಳಿಕೆ ಇತ್ತು. ಕರೆಂಟ್ ಹೋದರೆ ದೀಪ ತಾನಾಗಿ ಬ್ಯಾಟರಿಗೆ ಹೋಗುತ್ತದೆ ಅಂದುಕೊಂಡಿದ್ದೆ. ಜಾಕಿಗೆ ಗೊತ್ತಾಗುವುದು ಪ್ಲಗ್ ಇದೆಯೋ ಇಲ್ಲವೋ ಅಷ್ಟೇ, ಕರೆಂಟ್ ಇದೆಯೋ ಇಲ್ಲವೋ ಅಲ್ಲ. ಸದ್ಯಕ್ಕೆ ಕರೆಂಟ್ ಹೋದಾಗ ಅಮ್ಮ ಕತ್ತಲಲ್ಲಿ ತಡಕಾಡಿ ಪ್ಲಗ್ ಕೀಳುತ್ತಾರೆ, ಆಮೇಲೆ ದೀಪ ಹತ್ತುತ್ತದೆ.